ಏಳುಮಲೆಗೆ ಹೊರಟ ಜಾವಾ

೧೯೬೨, ಮೇ ೧, ಮಂಗಳವಾರ

ಇವತ್ತು ಒಂಟಿಕೊಪ್ಪಲಿನ ನಮ್ಮ ಬೀದಿಗೆ ಬೀದಿಯೇ ನಮ್ಮನ್ನು ನೋಡಿ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ, ಆದರೆ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಪಕ್ಕೆ ಇನ್ನೂ ನೋಯುತ್ತಿದೆ. ಹಾಳಾಗಲಿ, ಬರೆದಾದರೂ ನಗೋಣ ಎಂದು ಈ ಡೈರಿ ತೆಗೆದೆ. ನಮ್ಮ ಯಜಮಾನರು ಕೆಲಸ ಮಾಡುವ ಊದುಬತ್ತಿ ಕಂಪನಿಯವರು ಹೊಸ ವರ್ಷಕ್ಕೆ ಇವರಿಗೆ ಕೊಟ್ಟದ್ದು. ನಾಲ್ಕು ತಿಂಗಳಿನಿಂದ ಖಾಲಿ ಬಿದ್ದಿದೆ, ಪುಟ ತಿರುಗಿಸಿದರೆ ಗಂಧದ ವಾಸನೆ. ಒಬ್ಬಳೇ ಕೂತು ನಕ್ಕರೆ ಹುಚ್ಚಿ ಅನ್ನುತ್ತಾರೆ, ಕೂತು ಬರೆದರೆ ವಿದ್ಯಾವಂತೆ ಅನ್ನುತ್ತಾರೆ.

ವಿಷಯ ಇಷ್ಟು. ಇವರು ಹೊಸ ಜಾವಾ ಮೋಟಾರ್ ಸೈಕಲ್ ತಂದರು. ತಂದರು ಅಂದರೆ ಓಡಿಸಿಕೊಂಡು ಬರಲಿಲ್ಲ, ತಳ್ಳಿಕೊಂಡು ಬಂದರು. ಇವರು ಮುಂದೆ ಹ್ಯಾಂಡಲ್ ಹಿಡಿದಿದ್ದರು, ಇವರ ಸ್ನೇಹಿತ ನಿಂಗಯ್ಯ ಹಿಂದಿನಿಂದ ನೂಕುತ್ತಿದ್ದರು. ಇಬ್ಬರ ಅಂಗಿಯೂ ಹಿಂಡುವ ಹಾಗೆ ಒದ್ದೆ. ಫಳಫಳ ಹೊಳೆಯುವ ಗಾಡಿ, ಹಾರ ಬೇರೆ ಹಾಕಿದ್ದಾರೆ. "ಏನ್ರೀ ಶಿವಮಲ್ಲಪ್ಪ, ಹೊಸ್ದೇ ಕೆಟ್ಟೋಯ್ತಾ?" ಎಂದು ಕಂಡಕಂಡವರೆಲ್ಲ ಕೇಳಿದರಂತೆ. (ಅಯ್ಯೋ, ಇವರ ಹೆಸರು ಬರೆದುಬಿಟ್ಟೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಕೇಳಿದ್ದೇನೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ.)

ತಳ್ಳಿದ್ದೇಕೆ ಅಂದರೆ ಅತ್ತೆಯ ಹರಕೆ. ಬುಕ್ ಮಾಡಿದ ಗಾಡಿ ತಿಂಗಳುಗಟ್ಟಲೆ ಬರಲಿಲ್ಲವೆಂದು ನಮ್ಮತ್ತೆ ಮರಿಮಾದಮ್ಮನವರು ಮಠದಲ್ಲಿ ನಾಲ್ಕು ಜನರೆದುರಿಗೆ ಕೈಮುಗಿದು ಗಟ್ಟಿಯಾಗಿ ಹೇಳಿಬಿಟ್ಟಿದ್ದಾರೆ. "ಅಪ್ಪಾ ಮಲೆ ಮಾದಪ್ಪ, ಗಾಡಿ ಬಂದ್ರೆ ನನ್ ಮಗ ಮೊದ್ಲು ಅದ್ನ ಏಳುಮಲೆ ಹತ್ತಿಸಿ ನಿನ್ ಬಾಗ್ಲಿಗೆ ತತ್ತಾನೆ. ಅಲ್ಲೀಗಂಟ ಬೇರೆ ಯಾವ್ ಬೀದೀಲೂ ಓಡ್ಸಾಕಿಲ್ಲ." ಊರವರೆಲ್ಲ ಹೊಸ ಗಾಡಿಯನ್ನು ಚಾಮುಂಡಿ ಬೆಟ್ಟಕ್ಕೆ ಒಯ್ದು, ಗಾಲಿಗೆ ನಿಂಬೆಹಣ್ಣು ಇಟ್ಟು, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ನಮ್ಮತ್ತೆಗೆ ಕಣ್ಣೆದುರಿನ ಬೆಟ್ಟ ಸಾಲದು. ಕೊಳ್ಳೇಗಾಲದ ಆಚೆ, ಆನೆ ಕಾಡಿನೊಳಗೆ, ಜೀಪೇ ಏದುಸಿರು ಬಿಡುವ ಮಣ್ಣು ದಾರಿಯ ಬೆಟ್ಟವೇ ಬೇಕು. ಅವರ ತವರು ಹನೂರಿನ ಕಡೆ. ಮನೆಮಂದಿಯೆಲ್ಲ ಮಾದಪ್ಪನ ಒಕ್ಕಲು.

ನಗು ಇಲ್ಲಿಗೆ ಸಾಕು. ಜೂನ್ ಒಂದನೇ ತಾರೀಕು ಇವರು ಮೋಟಾರ್ ಸೈಕಲ್ ಹತ್ತಿ ಚಾಮರಾಜನಗರದ ಲೈನಿಗೆ ಊದುಬತ್ತಿ ಮಾರಲು ಹೊರಡಬೇಕು, ಇಲ್ಲದಿದ್ದರೆ ಆ ಲೈನು ಬೇರೆಯವರಿಗೆ ಎಂದು ಮ್ಯಾನೇಜರ್ ಹೇಳಿದ್ದಾರೆ. ಲೈನು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮೈಸೂರು ಹೋಯಿತು. ಇವರ ಅಣ್ಣ ಸದಾಶಿವಯ್ಯನವರು ಆಗಲೇ ಹೇಳಿ ಕಳಿಸಿದ್ದಾರೆ, ಒಂದನೇ ತಾರೀಕು ಲಾರಿ ತರುತ್ತಾರಂತೆ, ಗಾಡಿ ಹೊರಡದಿದ್ದರೆ ಸಾಮಾನು ತುಂಬಿಕೊಂಡು ಊರಿಗೆ ಬಂದು ಆಲೆಮನೆ ನೋಡಿಕೊಳ್ಳಬೇಕಂತೆ. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ಒಂದು ವರ್ಷ ಇದ್ದೆ. ಬೆಳಗ್ಗೆ ಒಲೆ ಮುಂದೆ ಕೂತರೆ ಏಳುವಾಗ ಕತ್ತಲಾಗಿರುತ್ತಿತ್ತು. ಮುದ್ದೆ ತಿರುವಿ ತಿರುವಿ ಭುಜ ಬಿದ್ದುಹೋಗಿತ್ತು. ಪೇಪರು ಓದಿದರೆ "ಮಾಸ್ತರಮ್ಮ ಬಂದ್ಲು" ಅಂತ ನಗುತ್ತಿದ್ದರು. ನಾನು ಹೋಗುವುದಿಲ್ಲ. ಸತ್ತರೂ ಹೋಗುವುದಿಲ್ಲ.

ಆದ್ದರಿಂದ ಈ ತಿಂಗಳೊಳಗೆ ಇವರ ಗಾಡಿ ಬೆಟ್ಟ ಹತ್ತಲೇಬೇಕು. ಒಂದೇ ಒಂದು ಸಣ್ಣ ತೊಂದರೆ, ಇವರಿಗೆ ಗಾಡಿ ಓಡಿಸಲು ಬರುವುದಿಲ್ಲ.

ಮೇ ೩, ಗುರುವಾರ

ಬೀದಿಯಲ್ಲಿ ಓಡಿಸುವಂತಿಲ್ಲ, ಓಡಿಸದೆ ಕಲಿಯುವಂತಿಲ್ಲ. ನಿಂಗಯ್ಯ ಮೀಸೆ ತಿರುವಿ ಯೋಚಿಸಿ, "ಹಿತ್ಲು ಬೀದಿ ಅಲ್ಲ ತಾನೇ, ಅಮ್ಮಾ?" ಎಂದರು. ಅತ್ತೆ ಒಪ್ಪಿದರು. ನಮ್ಮ ಹಿತ್ತಿಲು ಉದ್ದಕ್ಕಿದೆ, ನಡುವೆ ಪತ್ರೆ ಮರ. ಅದರ ಸುತ್ತ ಸುತ್ತಿ ಕಲಿಯುವುದೆಂದು ತೀರ್ಮಾನವಾಯಿತು.

ನಿಂಗಯ್ಯನ ಬಗ್ಗೆ ಬರೆಯಲೇಬೇಕು. ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೇ ಮೋಟಾರ್ ಸೈಕಲ್ಲು ಅವರದು, ಪಕ್ಕಕ್ಕೆ ತೊಟ್ಟಿಯ ಹಾಗೆ ಒಂದು ಸೈಡ್‌ಕಾರು. ಅದು ಹೊರಟರೆ ಮೇಟಗಳ್ಳಿವರೆಗೂ ಕೇಳಿಸುತ್ತದೆ. ಮಾತು ಅದಕ್ಕಿಂತ ಜೋರು. "ಊಟಿ ಘಾಟು ಕಣ್ಮುಚ್ಚಿ ಹತ್ತೀನಿ ಕಣ್ರೀ, ಒಂದ್ ಕೈಲಿ ಬೀಡಿ, ಒಂದ್ ಕೈಲಿ ಹ್ಯಾಂಡ್ಲು!" ಎಂದರು. ಕಣ್ಣು ಮುಚ್ಚಿದ ಮೇಲೆ ಬೀಡಿ ಹೇಗೆ ಹಚ್ಚಿದಿರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇವರು ಹತ್ತಿದರು, ಒದ್ದರು, ಗಾಡಿ ಡುಗ್ ಡುಗ್ ಎಂದಿತು. ಹ್ಯಾಂಡಲ್ ಎಡಕ್ಕೆ ತಿರುಗಿಸಿ ಮರದ ಸುತ್ತ ಹೊರಟರು. ಅಷ್ಟರಲ್ಲಿ ಅತ್ತೆ ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಯೂ ಹಾರಿಹೋಯಿತು.

"ಅಯ್ಯಯ್ಯೋ ಮಗ, ನಿಲ್ಸು! ಪತ್ರೆ ಮರಾನ ಅಪ್ರದಕ್ಷಿಣೆ ಸುತ್ತಾರ? ಶಿವನ್ ಮರ ಕಣಪ್ಪ ಅದು. ಬಲಕ್ಕೆ ಸುತ್ತು, ಬಲಕ್ಕೆ!"

ಇವರು ಗಾಬರಿಯಿಂದ ಬ್ರೇಕ್ ಒತ್ತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದರು. ಗಾಡಿಗೇನೂ ಆಗಲಿಲ್ಲ. ಆಮೇಲೆಲ್ಲ ಬಲಕ್ಕೇ ಸುತ್ತಿದರು.

ಮೇ ೬, ಭಾನುವಾರ

ಬೆಳಗಿನಿಂದ ಬಲಕ್ಕೆ ಸುತ್ತಿ ಸುತ್ತಿ ಇವರಿಗೆ ತಲೆ ಸುತ್ತು ಬಂದು ತಿಂದ ಉಪ್ಪಿಟ್ಟೆಲ್ಲ ಹೊರಗೆ ಬಂತು. ಅತ್ತೆ ಜಗಲಿಯ ಮೇಲೆ ಕೂತು ಪ್ರತಿ ಸುತ್ತಿಗೂ "ಉಘೇ ಮಾದಪ್ಪ" ಅನ್ನುತ್ತಾರೆ. ಪುಣ್ಯವೂ ಬಂತು, ಕಲಿತದ್ದೂ ಆಯಿತು ಎಂದು ಅವರಿಗೆ ಸಂತೋಷ. ನಾನು ನಿಂಬೆ ಷರಬತ್ತು ಮಾಡಿ ಮಾಡಿ ಸಾಕಾದೆ. ನನಗೆ ಈ ಗಾಡಿಯ ಗೊಡವೆಯೇ ಬೇಡ. ಬೆಟ್ಟ ಹತ್ತಿ ಬರಲಿ, ಅಷ್ಟೇ.

ಮೇ ೯, ಬುಧವಾರ

ಏನು ಮಾಡಿದೆನೋ ಮಾದಪ್ಪನಿಗೇ ಗೊತ್ತು.

ಇವರು ಆಫೀಸಿಗೆ ಹೋಗಿದ್ದರು, ಅತ್ತೆ ಊಟ ಮಾಡಿ ಮಲಗಿದ್ದರು. ಗಾಡಿಯ ಮೇಲೆ ಧೂಳು ಕೂತಿದೆ ಎಂದು ಒರೆಸಲು ಹೋದೆ. ಒರೆಸಲಿಕ್ಕೇ ಹೋದದ್ದು, ಆಣೆಯಾಗಿ. ಸೀಟು ಒರೆಸುವಾಗ ಎತ್ತರ ಎಷ್ಟಿದೆ ನೋಡೋಣ ಎಂದು ಕೂತೆ. ಸೀರೆ ಅಡ್ಡ ಬಂತು, ಗದ್ದೆ ನಾಟಿಗೆ ಇಳಿಯುವವರ ಹಾಗೆ ಎತ್ತಿ ಕಚ್ಚೆ ಹಾಕಿಕೊಂಡೆ. ಕೂತ ಮೇಲೆ ಒದ್ದು ನೋಡದಿರಲು ಆಗುತ್ತದೆಯೇ? ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯನ್ನೇ ಮಡಿಸಿದರೆ ಅದೇ ಗೇರು. ಒಂದೇ ಪಾತ್ರೆಯಲ್ಲಿ ಅನ್ನವನ್ನೂ ಸಾರನ್ನೂ ಮಾಡುವ ಜಾಣತನ. ಇದನ್ನು ಮಾಡಿದವರ ಮನೆಯಲ್ಲಿ ಯಾರೋ ಬುದ್ಧಿವಂತ ಹೆಂಗಸಿರಬೇಕು.

ಮೂರನೇ ಒದೆಗೆ ಹೊತ್ತಿಕೊಂಡಿತು. ನೀಲಿ ಹೊಗೆ, ಎಣ್ಣೆ ಬೆರೆತ ಪೆಟ್ರೋಲಿನ ವಾಸನೆ. ತೊಡೆಯಿಂದ ಹಲ್ಲಿನವರೆಗೆ ಮೈಯೆಲ್ಲ ಜುಮ್ಮೆಂದಿತು. ಮೆಲ್ಲಗೆ ಬಿಟ್ಟೆ, ಹೋಯಿತು! ತಾನೇ ಹೋಯಿತು! ನಾನು "ಅಯ್ಯಯ್ಯಯ್ಯೋ" ಎಂದು ಕೂಗುತ್ತಲೇ ಮರ ಸುತ್ತಿದೆ. ಅತ್ತೆಗೆ ಎಚ್ಚರವಾಗಲಿಲ್ಲ. ಅವರ ಗೊರಕೆ ದೊಡ್ಡದೋ ಜಾವಾದ ಸದ್ದು ದೊಡ್ಡದೋ ಅಂದರೆ ನಾನು ಗೊರಕೆಗೇ ಓಟು ಹಾಕುತ್ತೇನೆ.

ಬಲಕ್ಕೆ ನಾಲ್ಕಾರು ಸುತ್ತು ಹಾಕಿದೆ, ತಲೆ ಗಿರ್ರೆಂದಿತು. ಚಕ್ಕುಲಿ ಒತ್ತುವಾಗ ಒಂದೇ ಕಡೆ ಸುತ್ತಿ ಕೈ ನೊಂದರೆ ಇನ್ನೊಂದು ಕಡೆ ಸುತ್ತುವುದಿಲ್ಲವೇ? ಎಡಕ್ಕೆ ತಿರುಗಿಸಿದೆ. ಪಾಪ ಬಂದರೆ ನನಗೇ ಬರಲಿ. ಎಡಕ್ಕೆ ಸುತ್ತುವುದು ಮೊದಲು ಕಷ್ಟ, ಕಾಲೂರಿದೆ, ಬಾಳೆಗಿಡಕ್ಕೆ ಗುದ್ದಿದೆ. ಆಮೇಲೆ ಬಂತು. ತಲೆಸುತ್ತು ಇಳಿದೂ ಹೋಯಿತು.

ಸೈಲೆನ್ಸರ್ ತಣ್ಣಗಾಗಲಿ ಎಂದು ಒದ್ದೆ ಬಟ್ಟೆ ಹೊದಿಸಿ, ಬಂದು ಸಂಜೆಯ ಸೊಪ್ಪು ಬಿಡಿಸಿದೆ. ಇನ್ನು ಮುಟ್ಟುವುದಿಲ್ಲ.

ಮೇ ೧೦

ಇವತ್ತೂ ಮುಟ್ಟಿದೆ.

ಮೇ ೧೧

ಇವತ್ತೂ. ಎರಡನೇ ಗೇರು!

ಮೇ ೧೫, ಮಂಗಳವಾರ

ಸಿಕ್ಕಿಬಿದ್ದೆ. ಪಕ್ಕದ ಮನೆಯ ವಸಂತಮ್ಮನವರು ಕಾಂಪೌಂಡ್ ಮೇಲೆ ಹುಣಿಸೆಹಣ್ಣು ಒಣಗಹಾಕಲು ಬಂದವರು ನನ್ನನ್ನು ಕಂಡು ಮೊರ ಕೈಬಿಟ್ಟರು.

"ಗಿರಿಜಾಂಬಾ! ಇದೇನ್ ಕಣಮ್ಮ ಇದು, ಗಂಡಸ್ರ ಗಾಡಿ ಮೇಲೆ!"

ಇನ್ನೇನು, ಊರಿಗೆ ಡಂಗುರ ಎಂದುಕೊಂಡು ಎಂಜಿನ್ ನಿಲ್ಲಿಸಿದೆ. ಅವರು ಅತ್ತಿತ್ತ ನೋಡಿದರು, ನಮ್ಮತ್ತೆಯ ಗೊರಕೆಗೆ ಕಿವಿ ಕೊಟ್ಟರು. ಆಮೇಲೆ ಗೋಡೆ ಹತ್ತಿ ಈಚೆಗೆ ಇಳಿದರು! ಅವರಿಗೆ ಐವತ್ತರ ಹತ್ತಿರ, ಗುಂಡು ಮೈ. "ಒಂದೇ ಒಂದ್ ಸುತ್ತು ಕಣೇ. ಯಾರ್ಗೂ ಹೇಳಲ್ಲ" ಎಂದು ಹಿಂದೆ ಕೂತರು. ಒಂದು ಸುತ್ತು ಅಂದವರು ಇಳಿಯಲೇ ಇಲ್ಲ. ಒಲೆಯ ಮೇಲೆ ಇಟ್ಟ ಹಾಲು ಉಕ್ಕಿ ಸೀದ ವಾಸನೆ ಅವರ ಮನೆಯಿಂದ ಬಂದಾಗಲೇ ಇಳಿದದ್ದು. ಭಾರದ ಜನರನ್ನು ಕೂರಿಸಿಕೊಂಡು ತಿರುಗಿಸುವುದು ಒಂಟಿಯಾಗಿ ತಿರುಗಿಸಿದ ಹಾಗಲ್ಲ, ಮೊದಲೇ ಮೈ ಒರಗಿಸಬೇಕು. ಇವರಿಗೆ ಇದನ್ನು ಹೇಳಬೇಕಿತ್ತು, ಹೇಗೆ ಹೇಳಲಿ?

ಮೇ ೧೯, ಶನಿವಾರ

ಬೆಳಗ್ಗೆ ಇವರು ಹಿತ್ತಿಲಲ್ಲಿ ನೆಲ ನೋಡುತ್ತ ನಿಂತರು. "ಗಿರಿಜ, ಇಲ್ಲಿ ಬಾ. ಈ ಗಾಲಿ ಗುರುತು ಎಡಕ್ಕೆ ತಿರುಗಿದೆಯಲ್ಲೇ?"

ನಾನು ಕಸಬರಿಗೆ ಹಿಡಿದು ನಿಂತೆ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ನಿಜ ಹೇಳಿದೆ. ಇವರು ಟಿಫಿನ್ ತೆಗೆದುಕೊಳ್ಳದೆ ಆಫೀಸಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮೇ ೨೧, ಸೋಮವಾರ

ಮುನಿಸು ಮುರಿಯಿತು. ಅತ್ತೆ ಮಠಕ್ಕೆ ಹೋದ ಮೇಲೆ ಇವರು ನನ್ನ ಹಿಂದೆ ಅಡಿಗೆಮನೆಗೆ ಬಂದು, ಉಪ್ಪಿನ ಡಬ್ಬಿ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು.

"ಎಡಕ್ಕೆ ಎಂಗೇ ತಿರುಗಿಸ್ತೀಯೆ?"

ನನಗೆ ನಗು ಬಂತು, ಅಳುವೂ ಬಂತು. ಕರೆದುಕೊಂಡು ಹೋಗಿ ತೋರಿಸಿದೆ. ಇವರು ಪ್ರಯತ್ನಪಟ್ಟರು. ಹ್ಯಾಂಡಲ್ ಎಡಕ್ಕೆ ಹೋದರೆ ಇವರ ಮೈ ಬಲಕ್ಕೇ ವಾಲುತ್ತದೆ. ಇಪ್ಪತ್ತು ದಿನ ಬಲಕ್ಕೇ ಸುತ್ತಿದ ಮೈ ಅದು, ಹಾಗೇ ಗಟ್ಟಿಯಾಗಿಬಿಟ್ಟಿದೆ. ಮೂರು ಸಲ ಬಿದ್ದರು. ಮೂರನೇ ಸಲ ಬಿದ್ದಲ್ಲೇ ಮಲಗಿ ಆಕಾಶ ನೋಡಿ ನಕ್ಕರು. ಇವರು ಹೀಗೆ ನಕ್ಕದ್ದು ಮದುವೆಯಾದಾಗಿನಿಂದ ನಾನು ನೋಡಿಲ್ಲ.

"ನಿಂಗ್ ಬತ್ತದೆ ಅಂತ ಯಾರ್ಗೂ ಹೇಳ್ಬೇಡ ಕಣೇ" ಎಂದರು. "ಅಣ್ಣಂಗೆ ತಿಳಿದ್ರೆ ನನ್ನ ಮನುಷ್ಯ ಅನ್ನಲ್ಲ."

ಹೇಳುವುದಿಲ್ಲ ಎಂದೆ. ಆದರೆ ಹಾಗೆಂದದ್ದು ನನಗೇ ಯಾಕೋ ಹಿಡಿಸಲಿಲ್ಲ.

ಮೇ ೨೭, ಭಾನುವಾರ, ಕೌದಳ್ಳಿಯ ಛತ್ರ

ಹೊರಟೇ ಬಿಟ್ಟೆವು! ಇವರು ಜಾವಾದಲ್ಲಿ, ಹಿಂದೆ ನಾನು. ಮುಂದೆ ನಿಂಗಯ್ಯನ ಮಿಲಿಟರಿ ಗಾಡಿ, ಅದರ ತೊಟ್ಟಿಯಲ್ಲಿ ಅತ್ತೆ. ತೊಡೆಯ ಮೇಲೆ ತೆಂಗಿನಕಾಯಿಯ ಚೀಲ, ಹಣೆ ತುಂಬ ವಿಭೂತಿ, ಕಣ್ಣಿಗೆ ನಿಂಗಯ್ಯನ ಧೂಳಿನ ಕನ್ನಡಕ. ನರಸೀಪುರದ ರಸ್ತೆಯಲ್ಲಿ ಎತ್ತಿನ ಗಾಡಿಯವನೊಬ್ಬ ಅವರನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದ. ಯಾವುದೋ ದೇವರ ಮೆರವಣಿಗೆ ಅಂದುಕೊಂಡನೋ ಏನೋ.

ನೇರ ರಸ್ತೆಯಲ್ಲಿ ಇವರು ಚೆನ್ನಾಗಿಯೇ ಓಡಿಸುತ್ತಾರೆ. ನರಸೀಪುರದ ಪೇಟೆಯಲ್ಲಿ ಎಡಕ್ಕೆ ತಿರುಗಬೇಕಾಗಿ ಬಂತು. ಇವರು ಗಾಡಿ ನಿಲ್ಲಿಸಿದರು, ನನ್ನನ್ನು ಇಳಿಸಿದರು, ತಾವೂ ಇಳಿದರು. ಗಾಡಿಯನ್ನು ತಳ್ಳಿಕೊಂಡು ಮೂಲೆ ತಿರುಗಿಸಿ ಮತ್ತೆ ಹತ್ತಿದರು. ಹೋಟೆಲಿನ ಮುಂದೆ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದು ಹಾಗೇ ಕೂತಿದ್ದರು. ಕೊಳ್ಳೇಗಾಲದಲ್ಲೂ ಹೀಗೇ ಆಯಿತು. ಅತ್ತೆ ಮುಂದಿದ್ದುದರಿಂದ ನೋಡಲಿಲ್ಲ.

ಈಗ ಹೊರಗೆ ಜಗಲಿಯಲ್ಲಿ ನಿಂಗಯ್ಯ ಬೆಟ್ಟಕ್ಕೆ ಹೊರಟ ಪರಸೆಯವರಿಗೆಲ್ಲ ಊಟಿ ಘಾಟಿನ ಕಥೆ ಹೇಳುತ್ತಿದ್ದಾರೆ. ಘಾಟು ನಿನ್ನೆಗಿಂತ ಇವತ್ತು ಕಡಿದಾಗಿದೆ. ದೂರದಲ್ಲಿ ಬೆಟ್ಟದ ಸಾಲು ಒಂದರ ಹಿಂದೆ ಒಂದು ಕಾಣುತ್ತಿದೆ. ನನಗೆ ಹೆದರಿಕೆಯಾಗುತ್ತಿದೆ. ಹೆದರಿಕೆಯೋ ಖುಷಿಯೋ, ಯಾವುದೆಂದು ಹೇಳಲಾರೆ.

ಮೇ ೨೮, ಸೋಮವಾರ, ಬೆಟ್ಟದ ಮೇಲೆ

ಕೈ ನೋಯುತ್ತಿದೆ, ಆದರೂ ಬರೆಯದಿದ್ದರೆ ಸಿಡಿದು ಹೋಗುತ್ತೇನೆ.

ತಾಳುಬೆಟ್ಟದಲ್ಲಿ ಕಾಯಿ ಒಡೆದು ಹೊರಟೆವು. ಅಲ್ಲಿಂದ ಮೇಲಕ್ಕೆ ಅದು ದಾರಿಯೇ ಅಲ್ಲ. ಬೆಟ್ಟದ ಪಕ್ಕೆಯನ್ನು ಕೆರೆದು ಮಣ್ಣು ಸುರಿದಿದ್ದಾರೆ. ಹೋದ ವರ್ಷದ ಮಳೆ ಕೊರೆದ ಕೊರಕಲು, ಗುಂಡುಕಲ್ಲು, ಹೂತರೆ ಮೊಳಕಾಲು ಮುಟ್ಟುವ ಧೂಳು. ಒಂದು ಕಡೆ ಬಿದಿರು, ಇನ್ನೊಂದು ಕಡೆ ಏನೂ ಇಲ್ಲ, ಬರೀ ಗಾಳಿ. ಆನೆಯ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು. ನಿಂಗಯ್ಯ ಅದನ್ನು ಕಂಡಮೇಲೆ ಊಟಿಯ ಮಾತು ನಿಲ್ಲಿಸಿ ಬುರ್ರೆಂದು ಮುಂದೆ ಹೋದರು.

ಮೊದಲನೇ ತಿರುವು ಬಲಕ್ಕೆ. ಇವರು ಪತ್ರೆ ಮರ ನೆನೆಸಿಕೊಂಡು ಸೊಗಸಾಗಿ ತಿರುಗಿಸಿದರು. ಎರಡನೆಯದು ಎಡಕ್ಕೆ, ಕೊಕ್ಕೆಯ ಹಾಗೆ. ಇವರು ಎಂದಿನಂತೆ ಇಳಿದು ತಳ್ಳಿದರು. ಪೇಟೆಯ ಮೂಲೆಯಲ್ಲಿ ತಳ್ಳಬಹುದು, ಏರಿನಲ್ಲಿ ತಳ್ಳಲಾಗುತ್ತದೆಯೇ? ಗಾಡಿ ಜಾರಿ ಹಿಂದಕ್ಕೆ ಬಂತು, ಇವರು ಕೂತುಬಿಟ್ಟರು, ನಾನು ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಈ ತಿರುವು ನೀನ್ ತಗೋ" ಎಂದರು. "ಬಲದ್ದು ಬಂದಾಗ ನಾನು."

ಕಚ್ಚೆ ಬಿಗಿದು ಹತ್ತಿದೆ. ಒಂದನೇ ಗೇರು, ಮೈ ಮೊದಲೇ ಒರಗಿಸಿದೆ, ಗಾಲಿ ಕಲ್ಲಿನ ಮೇಲೆ ಪುಟಿಯಿತು, ಎದ್ದಿತು, ತಿರುಗಿತು! ಮುಂದೆ ಬಲದ ತಿರುವು ಬಂತು, ನಾನು ಇಳಿದೆ, ಇವರು ಹತ್ತಿದರು. ಮತ್ತೆ ಎಡದ್ದು, ಇವರು ಇಳಿದರು, ನಾನು ಹತ್ತಿದೆ. ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದ ಪರಸೆಯವರು ನಮ್ಮನ್ನು ಹಿಂದೆ ಹಾಕಿ ಹೋದರು. ಒಬ್ಬ ಅಜ್ಜ, "ಇದೇನ್ರವ್ವ ಹರಕೆ, ಹತ್ತಿ ಇಳಿಯದಾ?" ಎಂದು ಕೇಳಿದ. ಕೊನೆಗೆ ಇವರೇ, "ಸಾಕಾಯ್ತು ಕಣೇ, ಅವ್ವ ಕಾಣೋಗಂಟ ನೀನೇ ಇರು" ಎಂದು ನನ್ನ ಹಿಂದೆ ಕೂತರು. ಅಲ್ಲಿಂದ ಬಿಟ್ಟೆ ನೋಡು! ಬಿದಿರು ಹಿಂದಕ್ಕೆ ಓಡಿತು, ಧೂಳು ಬಾಯಿಗೆ ಬಂತು, ನಾನು ಉಗಿಯುತ್ತ ನಗುತ್ತ ಕೂಗುತ್ತ ಹೋದೆ. ಇವರು ನನ್ನ ಸೊಂಟ ಹಿಡಿದುಕೊಂಡು ಹಿಂದಿನಿಂದ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಲೇ ಇದ್ದರು. ಕಿವಿಗೆ ಹಾಕಿಕೊಳ್ಳಲಿಲ್ಲ.

ಅವ್ವ ಕಾಣುವ ಮೊದಲು ಬದಲಾಯಿಸಬೇಕಿತ್ತು. ಆದರೆ ನಾವು ತಿರುವು ದಾಟಿದ ತಕ್ಷಣ ಅತ್ತೆ ಕಂಡರು. ಸೈಡ್‌ಕಾರಿನ ಗಾಲಿ ಕಳಚಿ ಚರಂಡಿಗೆ ಉರುಳಿದೆ, ತೊಟ್ಟಿ ಓರೆಯಾಗಿ ನಿಂತಿದೆ. ಅತ್ತೆ ಅದರೊಳಗೆ ಓರೆಯಾಗಿಯೇ ಕೂತು, ತೆಂಗಿನಕಾಯಿ ಅಪ್ಪಿಕೊಂಡು, ಧೂಳಿನ ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತಿದ್ದಾರೆ. ನಾನು ಕಚ್ಚೆ ಹಾಕಿ ಮುಂದೆ, ಅವರ ಮಗ ಹಿಂದೆ. ನಿಂಗಯ್ಯ ಬಾಯಿ ತೆರೆದವರು ಮುಚ್ಚಲಿಲ್ಲ.

ಎಂಜಿನ್ ನಿಲ್ಲಿಸಿದೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಆ ಅವತಾರದಲ್ಲಿ ಸೆರಗು ಎಳೆದುಕೊಂಡು ಏನು ಪ್ರಯೋಜನ?

"ಯಾವಾಗ್ ಕಲ್ತೆ?" ಎಂದರು.

"ನೀವು ಮಧ್ಯಾಹ್ನ ಮಲಗಿದ್ದಾಗ, ಅತ್ತೆ."

"ಇವ್ನು?"

"ಬಲಕ್ಕೆ ಮಾತ್ರ ಬರುತ್ತೆ ಅತ್ತೆ. ನೀವೇ ಹೇಳಿದ್ರಲ್ಲ, ಬಲಕ್ಕೇ ಸುತ್ತು ಅಂತ."

ಅತ್ತೆ ಮೇಲಿನ ಬೆಟ್ಟ ನೋಡಿದರು, ಕೆಳಗಿನ ಕಮರಿ ನೋಡಿದರು, ಗಾಲಿಯಿಲ್ಲದ ತೊಟ್ಟಿ ನೋಡಿದರು. ಸೂರ್ಯ ನೆತ್ತಿ ದಾಟಿದ್ದ. ಮಾದಪ್ಪನ ವಾರ ಸೋಮವಾರ, ಇನ್ನೊಂದು ಸೋಮವಾರ ಬರುವಷ್ಟರಲ್ಲಿ ಒಂದನೇ ತಾರೀಕು ಕಳೆದಿರುತ್ತದೆ, ಅದು ಅವರಿಗೂ ಗೊತ್ತು. ಇಳಿ ಅಂದರೆ ಇಳಿಯಬೇಕು, ಹಿಂದಕ್ಕೆ ನಡಿ ಅಂದರೆ ಆಲೆಮನೆ.

ಅತ್ತೆ ತೊಟ್ಟಿಯಿಂದ ಎದ್ದರು. "ಇಳಿ ಮಗ" ಎಂದರು ಇವರಿಗೆ. ಇವರು ಇಳಿದರು. ಅತ್ತೆ ಚೀಲವನ್ನು ನಮ್ಮಿಬ್ಬರ ನಡುವೆ ಸಿಕ್ಕಿಸಿ ನನ್ನ ಹಿಂದೆ ಕೂತರು. "ನೀನು ಕಾಲುದಾರೀಲಿ ನಡ್ಕೊಂಡು ಬಾ, ಪುಣ್ಯ ಬತ್ತದೆ. ನಡಿ ಕೂಸೆ."

ನಡಿ ಕೂಸೆ! ನಾಲ್ಕು ವರ್ಷದಲ್ಲಿ ನನ್ನನ್ನು ಹೀಗೆ ಕರೆದದ್ದಿಲ್ಲ.

ಆಮೇಲಿನದನ್ನು ಹೇಗೆ ಬರೆಯಲಿ? ಒಂದು ಕಡೆ ಗಾಲಿ ಕೊರಕಲಿನಲ್ಲಿ ಸಿಕ್ಕಿ ಇಬ್ಬರೂ ಬಿದ್ದೆವು, ಧೂಳು ಮೆತ್ತಗಿತ್ತು, ಏಟಾಗಲಿಲ್ಲ. ಅತ್ತೆ ಮೊದಲು ಕಾಯಿ ನೋಡಿದರು, ಆಮೇಲೆ ಗಾಡಿ ನೋಡಿದರು, ಆಮೇಲೆ ನನ್ನ ಮೊಣಕೈಯ ರಕ್ತ ನೋಡಿ ವಿಭೂತಿ ಮೆತ್ತಿದರು. ಇನ್ನೊಂದು ಕಡೆ ಎಂಜಿನ್ ಕಾದು ನಿಂತಿತು. ಪರಸೆಯವರು ಕೊಟ್ಟ ಮಜ್ಜಿಗೆ ಕುಡಿದು, ಎಂಜಿನ್ ಆರುವವರೆಗೆ ಬಂಡೆಯ ಮೇಲೆ ಕೂತೆವು. ಆಮೇಲೆ ಪ್ರತಿ ತಿರುವಿಗೂ ಅತ್ತೆ "ಉಘೇ" ಎಂದು ಕೂಗಿದರು, ಕಾಲುದಾರಿಯಿಂದ ಕಾಣದ ಜನ "ಉಘೇ ಮಾದಪ್ಪ" ಎಂದು ತಿರುಗಿ ಕೂಗಿದರು. ಕಾಡೆಲ್ಲ ಕೂಗಿತು. ಸ್ವಲ್ಪ ಹೊತ್ತಿಗೆ ಅತ್ತೆ ನನ್ನ ಬೆನ್ನಿಗೆ ತಟ್ಟಿದರು. ಹೆದರಿದರೇನೋ ಎಂದು ಮೆಲ್ಲಗೆ ಮಾಡಿದೆ.

"ಅದ್ಯಾಕ್ ಕಮ್ಮಿ ಮಾಡ್ದೆ? ಇನ್ನೊಸಿ ಬುಡು ಕೂಸೆ, ಇನ್ನೊಸಿ!"

ದೇವಸ್ಥಾನದ ಮುಂದೆ ನಿಲ್ಲಿಸಿದಾಗ ಕಾಲು ನೆಲಕ್ಕೆ ತಾಗಿದ್ದೇ ತಿಳಿಯಲಿಲ್ಲ. ಅತ್ತೆ ತಕ್ಷಣ ಪೂಜೆ ಮಾಡಿಸಲಿಲ್ಲ, ಮಗ ಬರಲಿ ಎಂದು ಕೂತರು. ಆಗ ನನಗೆ ಹೊಸ ದಿಗಿಲು ಹತ್ತಿತು. ಹರಕೆ ಹೊತ್ತದ್ದು 'ನನ್ ಮಗ ಹತ್ತಿಸ್ತಾನೆ' ಎಂದು. ಹತ್ತಿಸಿದವಳು ನಾನು. ಹರಕೆ ಸಲ್ಲಲಿಲ್ಲ, ಕೆಳಗೆ ಹೋಗಿ ಮತ್ತೆ ಹತ್ತಿಸಿ ಎಂದರೆ? ಅತ್ತೆ ಅನ್ನುವವರೇ.

ಇವರು ಬಂದರು, ಚಪ್ಪಲಿ ಕೈಯಲ್ಲಿ, ಕಾಲಲ್ಲಿ ಬೊಬ್ಬೆ. ಅತ್ತೆ ಎದ್ದು ಗಾಡಿಯ ಹ್ಯಾಂಡಲಿಗೆ ಒಂದು ಕೈ ಇಟ್ಟು, ಗುಡಿಯ ಬಾಗಿಲಿನ ಕಡೆ ತಿರುಗಿ, ಮಠದಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹೇಳಿದರು.

"ಮಾದಪ್ಪ, ಮಗ ತತ್ತಾನೆ ಅಂದಿದ್ದೆ. ಸೊಸೆ ತಂದವ್ಳೆ. ಹೆಚ್ಗೆ ಆಯ್ತೇ ಹೊರ್ತು ಕಮ್ಮಿ ಆಗ್ನಿಲ್ಲ. ತಕೊ."

ಅಷ್ಟೇ ಹೇಳಿ ಕಾಯಿ ಒಡೆದರು. ನಾನು ಗಾಡಿಯ ಮರೆಯಲ್ಲಿ ಕೂತು ಅತ್ತುಬಿಟ್ಟೆ. ಯಾಕೋ ಏನೋ, ಸಂತೋಷಕ್ಕೆ.

ಜೂನ್ ೧, ಶುಕ್ರವಾರ

ಬೆಳಗ್ಗೆ ಬೇಗ ಭಾವ ಸದಾಶಿವಯ್ಯನವರು ಬಂದರು. ಲಾರಿಯನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿದ್ದರು, ಹಗ್ಗ ಹೆಗಲ ಮೇಲಿತ್ತು. ಮದುವೆಯಾದಾಗಿನಿಂದ ನಾನು ಅವರೆದುರು ನಿಂತು ಮಾತಾಡಿದವಳಲ್ಲ, ಅವರೂ ನನ್ನನ್ನು ಮಾತಾಡಿಸಿದವರಲ್ಲ. ನಾನು ಕಾಫಿ ಕಳಿಸಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ.

ಗಾಡಿ ಅಂಗಳದಲ್ಲಿತ್ತು. ಹ್ಯಾಂಡಲಿಗೆ ಬೆಟ್ಟದ ಹಾರ, ದೀಪದ ಮೇಲೆ ವಿಭೂತಿ, ಮೈತುಂಬ ಕೆಂಪು ಧೂಳು. ಒರೆಸಲು ನನಗೆ ಮನಸ್ಸು ಬಂದಿರಲಿಲ್ಲ. ಊದುಬತ್ತಿಯ ಪೆಟ್ಟಿಗೆ ಹಿಂದೆ ಕಟ್ಟಿಯಾಗಿತ್ತು. ಹರಕೆ ತೀರಿದ ಮೇಲೆ ಎರಡು ದಿನ ಬೀದಿಯಲ್ಲೇ ತಿರುಗಿಸಿ ತಿರುಗಿಸಿ ಇವರಿಗೂ ಎಡಕ್ಕೆ ಅಷ್ಟಿಷ್ಟು ಬಂದಿತ್ತು. ಭಾವ ಅದನ್ನು ಸುತ್ತಿ ಸುತ್ತಿ ನೋಡಿ ಜಗಲಿಯ ಮೇಲೆ ಕೂತರು.

"ಹತ್ತಿಸ್ಬುಟ್ಟೇನ್ಲಾ ಮಲ್ಲಾ? ಆ ದಾರೀಲಿ? ಭೇಷ್. ನೀನು ಗಂಡ್ಸು ಅಂತ ಇವತ್ತು ಒಪ್ಪಿದೆ ಕಣ್ಲ."

ಇವರು ಲೋಟದೊಳಗಿನ ಕಾಫಿ ನೋಡಿದರು. ಅತ್ತೆ ಎಲೆಯಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ನಾನು ಬಾಗಿಲ ಹಿಂದೆ, ಸುಮ್ಮನಿರಿ, ಹೂಂ ಅಂದುಬಿಡಿ, ಹೇಗೂ ಮೈಸೂರು ಉಳಿಯಿತಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೇಳಿಕೊಂಡರೂ ಎದೆಯಲ್ಲಿ ಏನೋ ಚುಚ್ಚಿತು. ಇಲ್ಲ ಅನ್ನುವುದೇಕೆ, ಬಹಳವೇ ಚುಚ್ಚಿತು.

ಶಿವಮಲ್ಲಪ್ಪ ಲೋಟ ಕೆಳಗಿಟ್ಟರು.

"ನಾನಲ್ಲ ಅಣ್ಣ. ಗಿರಿಜ ಹತ್ತಿಸಿದ್ಲು. ಅವ್ವ ಅವಳ ಹಿಂದೆ ಕೂತಿತ್ತು. ನಾನು ನಡ್ಕೊಂಡ್ ಬಂದೆ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಭಾವ ತಾಯಿಯ ಮುಖ ನೋಡಿದರು. ಅತ್ತೆ ಹೂಂ ಎಂದು ತಲೆಯಾಡಿಸಿ ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಆಮೇಲೆ ಭಾವ ಹೆಗಲಿನ ಹಗ್ಗವನ್ನು ತೆಗೆದು ಪಕ್ಕಕ್ಕಿಟ್ಟು, ನಾನು ನಿಂತಿದ್ದ ಬಾಗಿಲಿನ ಕಡೆ ತಿರುಗಿದರು.

"ನಿಂಗೆ ಹೆದ್ರಿಕೆ ಆಗ್ನಿಲ್ವೇನವ್ವ?"

ನನ್ನನ್ನೇ ಕೇಳಿದ್ದು. ನಾನು ಬಾಗಿಲ ಹಿಂದಿನಿಂದ ಈಚೆಗೆ ಬಂದೆ.

"ಆಯ್ತು ಭಾವ, ತುಂಬಾ ಹೆದರಿಕೆ ಆಯ್ತು" ಎಂದೆ. "ಆದ್ರೆ ಇಳಿಯೋಕೆ ಮನಸ್ಸೇ ಬರಲಿಲ್ಲ."